ನೂರಹನ್ನೆರಡು ಎಕರೆ ಮಳೆ

ಹನ್ನೊಂದು ದಿನ ಬಿಡದೆ ಹೊಡೆದ ಮಳೆ ಆ ಬೆಳಿಗ್ಗೆ ಹೊಳವಾಗಿತ್ತು. ಹೊಳವು ಅಂದರೆ ಬಿಸಿಲಲ್ಲ. ಅಳುವ ಮಗು ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಲ್ಲಿಸುತ್ತದಲ್ಲ, ಅಂಥದ್ದು. ಮೋಡ ಗುಡ್ಡದಿಂದ ಇಳಿದು ಸಿಲ್ವರ್ ಮರಗಳ ನಡುವೆ ಹಸಿ ಕಂಬಳಿಯ ಹಾಗೆ ಜೋತುಬಿದ್ದಿತ್ತು. ಬೆಳಕು ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತ ನೆಂಟನಂತೆ ಹಿಂಜರಿಯುತ್ತಿತ್ತು. ಗೋಣಿಬೀಡಿನಿಂದ ಏಳು ಕಿಲೋಮೀಟರ್ ಒಳಗಿರುವ ಮಾವಿನಕೂಡಿಗೆಯಲ್ಲಿ ಹೀಗೊಂದು ಹೊಳವು ಸಿಕ್ಕರೆ ಜನ ಮೊದಲು ಬಟ್ಟೆ ಒಣಹಾಕುತ್ತಾರೆ, ಆಮೇಲೆ ದೇವರಿಗೆ ಕೈಮುಗಿಯುತ್ತಾರೆ. ರಂಗಮ್ಮ ಎರಡನ್ನೂ ಬಿಟ್ಟು, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಉಮೇಶನ ಮನೆಯ ಅಂಗಳಕ್ಕೆ ಬಂದು ನಿಂತಿದ್ದಳು.

"ಉಮೇಶ, ಒಂದು ವಿಷಯ ಕೇಳ್ಬೇಕಿತ್ತು ಮಾರಾಯ."

"ಹೇಳಿ ರಂಗಮ್ಮಜ್ಜಿ," ಎಂದ ಉಮೇಶ, ಹಲ್ಲುಜ್ಜುತ್ತಲೇ.

"ನಂಗೆ ನೂರಹನ್ನೆರಡು ಎಕರೆ ಇದೆಯಂತಲ್ಲ, ಅದು ಎಲ್ಲಿದೆ ಅಂತ ಒಂಚೂರು ತೋರಿಸ್ತೀಯ? ಸಾಯೋದ್ರೊಳಗೆ ಒಂದ್ಸಲ ನೋಡ್ಕೊಂಡು ಬರ್ತೀನಿ."

ಉಮೇಶನ ಬಾಯಿಯ ನೊರೆ ಬಾಯಲ್ಲೇ ಉಳಿಯಿತು. ರಂಗಮ್ಮನಿಗೆ ಇರುವುದು ನಾಲ್ಕು ಗುಂಟೆ. ಅದರ ಮೇಲೊಂದು ಹೆಂಚಿನ ಗುಡಿಸಲು. ಆ ಹೆಂಚಿನ ಮೇಲೆ ಹೋದ ವಾರ ಹಲಸಿನ ಕೊಂಬೆ ಬಿದ್ದು, ಮುದುಕಿ ಈಗ ಮಂಚದ ಮೇಲೆ ಕೊಡೆ ಬಿಡಿಸಿಕೊಂಡು ಮಲಗುತ್ತಾಳೆ.

"ಯಾರು ಹೇಳಿದ್ರು ಅಜ್ಜಿ?"

"ಯಾರು ಹೇಳೋದೇನು, ಪಂಚಾಯ್ತಿ ಗೋಡೆ ಮೇಲೆ ಹಾಕಿದಾರೆ. ನೆರವಿಗೆ ಅರ್ಹರಲ್ಲದ ಕುಟುಂಬಗಳು ಅಂತ. ನನ್ನ ಹೆಸರು, ಮುಂದೆ ನೂರಹನ್ನೆರಡು ಎಕರೆ ನಲವತ್ತು ಸೆಂಟು. ಹಾಗಾಗಿ ಟಾರ್ಪಾಲು ನಂಗಿಲ್ಲವಂತೆ."

ಸೆಂಟು ಎಂಬ ಮಾತು ಕಿವಿಗೆ ಬಿದ್ದದ್ದೇ ಉಮೇಶನಿಗೆ ಎಲ್ಲ ಅರ್ಥವಾಯಿತು. ಅವನು ಚೆಂಬಿನ ನೀರು ಎತ್ತಿ ಬಾಯಿ ಮುಕ್ಕಳಿಸಿದ.

ಉಮೇಶ ಮಾವಿನಕೂಡಿಗೆ ಪಂಚಾಯಿತಿಯ ಬಿಲ್ ಕಲೆಕ್ಟರ್. ಮನೆ ಕಂದಾಯ, ನೀರಿನ ಕಂದಾಯ ವಸೂಲಿ ಮಾಡುವವನು. ಒಂಬತ್ತು ವರ್ಷದಿಂದ ತಾತ್ಕಾಲಿಕ. ಅವನು ಕೆಲಸಕ್ಕೆ ಸೇರಿದ ಮೇಲೆ ಮದುವೆಯಾದವರಿಗೆ ಮಕ್ಕಳಾಗಿ, ಆ ಮಕ್ಕಳು ಶಾಲೆಗೆ ಹೋಗಿ, ಅವರ ಹೆಸರೂ ಹಾಜರಿ ಪುಸ್ತಕದಲ್ಲಿ ಕಾಯಂ ಆಗಿತ್ತು. ಉಮೇಶನದು ಮಾತ್ರ ಆಗಿರಲಿಲ್ಲ. ಹೋದ ತಿಂಗಳು ಮಂಗಳೂರಿನ ಒಂದು ಸಂಸ್ಥೆ ಸರ್ವೆಗೆ ಅಂತ ಈ ಪಂಚಾಯಿತಿಯನ್ನು ಆರಿಸಿಕೊಂಡಿತು. ಊರಿನಲ್ಲಿ ಯಾರು ಎಷ್ಟು ತೆರಿಗೆ ಕೊಡುತ್ತಾರೆ, ಯಾರಿಗೆ ಎಷ್ಟು ನೆರವು ಸಿಗುತ್ತದೆ, ಈ ಕೊಡುವುದು ಪಡೆಯುವುದರಲ್ಲಿ ನ್ಯಾಯ ಎಷ್ಟಿದೆ ಎಂದು ಅಳೆದು, ನೂರಕ್ಕೆ ಇಷ್ಟು ಅಂತ ಅಂಕ ಕೊಡುವ ಸರ್ವೆ. ಆ ಲೆಕ್ಕದ ಮೇಲೆಯೇ ಮಳೆಹಾನಿಯ ಟಾರ್ಪಾಲುಗಳನ್ನೂ ಹಂಚುವುದೆಂದು ತೀರ್ಮಾನವಾಗಿತ್ತು. "ಇದೊಂದು ಮುಗಿಸ್ಕೊಡಿ, ನಿಮ್ಮನ್ನ ಕಾಯಂ ಮಾಡೋಕೆ ಶಿಫಾರಸು ಬರೀತೀನಿ," ಎಂದಿದ್ದರು ಪಿಡಿಒ ಬಸವರಾಜಪ್ಪ. ಆ ಶಿಫಾರಸಿಗೆ ಸಹಿ ಬೀಳಬೇಕಾದದ್ದು ಅದೇ ದಿನ, ಮಧ್ಯಾಹ್ನ ಮೂರು ಗಂಟೆಯ ಗ್ರಾಮಸಭೆಯಲ್ಲಿ.

ಉಮೇಶ ಇನ್ನೂರ ಹದಿಮೂರು ಮನೆ ಸುತ್ತಿ, ಫೋನಿನಲ್ಲಿದ್ದ ಮೂರು ಪ್ರಶ್ನೆ ಕೇಳಿ ಉತ್ತರ ತುಂಬಿಸಿದ್ದ. ಎಷ್ಟು ಕಂದಾಯ ಕಟ್ಟುತ್ತೀರಿ. ಎಷ್ಟು ನೆರವು ಸಿಕ್ಕಿದೆ. ಮೂರನೆಯದು ಇಷ್ಟೇ: ಒಟ್ಟು ಎಷ್ಟು ಸೆಂಟು?

ಮಂಗಳೂರಿನವರಿಗೆ ಸೆಂಟು ಅಂದರೆ ಜಮೀನು. ನೂರು ಸೆಂಟಿಗೆ ಒಂದು ಎಕರೆ. ಆದರೆ ಮೂಡಿಗೆರೆಯ ಈ ಕಾಫಿ ಗುಡ್ಡಗಳಲ್ಲಿ ಜಮೀನನ್ನು ಅಳೆಯುವುದು ಎಕರೆ ಗುಂಟೆಯಲ್ಲಿ. ಸೆಂಟು ಅನ್ನುವುದು ಮಳೆಗೆ ಮಾತ್ರ. ನೂರು ಸೆಂಟಿಗೆ ಒಂದು ಇಂಚು. ಇಲ್ಲಿನವರು ದಾರಿಯಲ್ಲಿ ಎದುರಾದರೆ ಊಟ ಆಯ್ತಾ ಎಂದು ಕೇಳುವ ಮೊದಲು ನಿಮ್ಮಲ್ಲಿ ಎಷ್ಟು ಸೆಂಟು ಎಂದು ಕೇಳುತ್ತಾರೆ. ಉಮೇಶನೂ ಹಾಗೇ ಕೇಳಿದ್ದ. ಜನ ಹಾಗೇ ಹೇಳಿದ್ದರು. ಎಸ್ಟೇಟಿನವರು ಮಳೆ ಪುಸ್ತಕ ತೆಗೆದು ನೋಡಿ ಹೇಳಿದರು, ಉಳಿದವರು ಹತ್ತಿರದ ಎಸ್ಟೇಟಿನ ಲೆಕ್ಕ ಹೇಳಿದರು. ಮೂವತ್ತು ವರ್ಷ ಎಸ್ಟೇಟಿನಲ್ಲಿ ಮಳೆ ಅಳೆಯುವ ರೇನ್‌ಗೇಜು ನೋಡುತ್ತಿದ್ದ ರಂಗಮ್ಮನಂತೂ ಕಣ್ಣು ಮುಚ್ಚಿಕೊಂಡೇ ಹೇಳಿದ್ದಳು: ಈ ಮಳೆಗಾಲ ಇಲ್ಲಿಯ ತನಕ ನೂರಹನ್ನೆರಡು ಇಂಚು ನಲವತ್ತು ಸೆಂಟು.

ಎಲ್ಲರೂ ಸತ್ಯವನ್ನೇ ಹೇಳಿದ್ದರು. ಎಲ್ಲ ಸತ್ಯಗಳನ್ನೂ ಕೂಡಿಸಿದಾಗ ಒಂದು ದೊಡ್ಡ ಸುಳ್ಳಾಗಿತ್ತು. ಬಿದ್ದ ಒಂದೊಂದು ಇಂಚು ಮಳೆಯೂ ಮಂಗಳೂರಿನ ಯಂತ್ರದೊಳಗೆ ಒಂದೊಂದು ಎಕರೆ ತೋಟವಾಗಿತ್ತು.

"ಅಜ್ಜಿ, ಸಂಜೆಯೊಳಗೆ ಸರಿ ಮಾಡಿಸ್ತೀನಿ," ಎಂದ ಉಮೇಶ.

"ಮಾಡ್ಸು ಮಾರಾಯ. ಇಷ್ಟು ಆಸ್ತಿ ಇಟ್ಕೊಂಡು ನಂಗೆ ನಿದ್ದೆನೇ ಬರ್ಲಿಲ್ಲ," ಎಂದು ರಂಗಮ್ಮ ಕೊಪ್ಪೆ ಸರಿಮಾಡಿಕೊಂಡು ಇಳಿದು ಹೋದಳು.

ಪಂಚಾಯಿತಿ ಬಾಗಿಲು ತೆರೆಯುವುದು ಹತ್ತಕ್ಕೆ. ಅದರ ಎದುರಿಗಿರುವ ಪುಟ್ಟಸ್ವಾಮಿಯ ಹೋಟೆಲು ಆರಕ್ಕೇ ತೆರೆಯುತ್ತದೆ. ಉಮೇಶ ಬೈಕು ನಿಲ್ಲಿಸುವಾಗ ಒಳಗೆ ಜಾತ್ರೆಯಷ್ಟು ಗದ್ದಲ. ಗೋಡೆಯ ಪಟ್ಟಿಯನ್ನು ಯಾರೋ ಫೋಟೊ ಹೊಡೆದು ಊರಿನ ವಾಟ್ಸಾಪಿಗೆ ಬಿಟ್ಟಿದ್ದರು.

"ಬನ್ನಿ ಸಾವ್ಕಾರ್ರೆ, ನೂರಾ ಹತ್ತು ಎಕರೆಯೋರು ಒಳಗೆ ಕೂತ್ಕೊಳ್ಳಿ. ನೂರಾ ಹದಿನಾಲ್ಕು ಎಕರೆಯೋರಿಗೆ ಫ್ಯಾನಿನ ಕೆಳಗೆ ಜಾಗ ಇದೆ," ಎಂದು ಪುಟ್ಟಸ್ವಾಮಿ ದೋಸೆ ತಿರುವುತ್ತಾ ಎಲ್ಲರನ್ನೂ ಕರೆಯುತ್ತಿದ್ದ. ಹೋಟೆಲಿನ ಜೊತೆಗೆ ಅವನು ದೇವಸ್ಥಾನ ಸಮಿತಿಯ ಖಜಾಂಚಿಯೂ ಹೌದು. ಉಮೇಶನನ್ನು ಕಂಡವನೇ ದೋಸೆ ಬಿಟ್ಟು ಬಂದ. "ಒಳ್ಳೇ ಕೆಲಸ ಮಾಡ್ದೆ ಕಣೋ. ಗುಡಿಗೆ ಹೊಸ ಹೆಂಚು ಹಾಕ್ಸೋಕೆ ಎಕರೆಗೆ ನೂರು ರೂಪಾಯಿ ಅಂತ ಹೋದ ವರ್ಷನೇ ಸಮಿತೀಲಿ ಬರ್ದಾಗಿದೆ. ಈಗ ಊರೆಲ್ಲ ಸೇರಿ ಎಷ್ಟಾಯ್ತು ಲೆಕ್ಕ ಹಾಕು. ದೇವ್ರಿಗೆ ಚಿನ್ನದ ಹೆಂಚೇ ಹಾಕ್ಸಬಹುದು."

"ಪುಟ್ಟಸ್ವಾಮಣ್ಣ, ಅದು ತಪ್ಪಾಗಿದೆ."

"ತಪ್ಪಾಗ್ದೆ ನಮ್ಗೆ ನೂರು ಎಕರೆ ಬರುತ್ತಾ ಮಾರಾಯ? ನಂಗೂ ಗೊತ್ತು. ಅದಿರ್ಲಿ, ಊರಿನೋರೆಲ್ಲ ಅರ್ಹರಲ್ಲ ಅಂದ್ರೆ ಟಾರ್ಪಾಲು ಸಿಗೋದು ಯಾರಿಗೆ?"

"ಬೇರೆ ಊರಿಗೆ ಹೋಗುತ್ತೇನೋ," ಎಂದ ಉಮೇಶ. ಅದನ್ನು ಅವನು ಯೋಚಿಸಿಯೇ ಇರಲಿಲ್ಲ.

ಮೂಲೆಯ ಬೆಂಚಿನಿಂದ ನಂದನ್ ಎದ್ದು ಬಂದು ಉಮೇಶನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದ. ನಂದನ್‌ಗೆ ಮೂವತ್ತಾರು ವರ್ಷ, ಅರ್ಧ ಎಕರೆ ಕಾಫಿ, ಹನ್ನೊಂದು ಸಲ ಹೆಣ್ಣು ನೋಡಿ ಬಂದ ಅನುಭವ. ಅವನ ಮುಖದಲ್ಲಿ ಆ ದಿನ, ಹಬ್ಬಕ್ಕೆ ಸುಣ್ಣ ಬಳಿದ ಗೋಡೆಯಂಥ ಒಂದು ಕಳೆ ಇತ್ತು.

"ಉಮೇಶಣ್ಣ, ತಿದ್ದೋದಾದ್ರೆ ಸೋಮವಾರ ಕಳೆದ ಮೇಲೆ ತಿದ್ದು."

"ಸೋಮವಾರ ಎಂತದು?"

"ಆಲ್ದೂರಿನ ಬ್ರೋಕರು ಬೆಳಿಗ್ಗೆ ಫೋನ್ ಮಾಡಿದ್ದ. ಇಷ್ಟು ದಿನ ನಾನು ಮಾಡಿದ್ರೆ ಎತ್ತುತ್ತಿರ್ಲಿಲ್ಲ. ಪಟ್ಟಿ ನೋಡಿದಾನೆ. ಸೋಮವಾರ ಹೆಣ್ಣಿನ ಕಡೆಯೋರನ್ನ ಕರ್ಕೊಂಡು ಬರ್ತಾನಂತೆ."

"ಸುಳ್ಳು ಹೇಳಿ ಮದುವೆ ಆಗ್ತೀಯೇನೋ?"

"ನಾನೆಲ್ಲಿ ಹೇಳ್ದೆ? ಪಂಚಾಯ್ತಿ ಗೋಡೆ ಹೇಳಿದೆ," ಎಂದ ನಂದನ್. ಆಮೇಲೆ ದನಿ ತಗ್ಗಿಸಿ, "ಒಂದು ಸಲ ಅವ್ರು ಮನೆಯೊಳಗೆ ಬಂದು ಕೂತು ಕಾಫಿ ಕುಡ್ಕೊಂಡು ಹೋಗ್ಲಿ ಅಣ್ಣ. ಒಪ್ಪದಿದ್ರೆ ಬೇಡ. ಈ ಎರಡು ವರ್ಷ ಯಾರೂ ಬಂದು ಕೂತೂ ಇಲ್ಲ," ಎಂದ.

ಉಮೇಶ ಪಂಚಾಯಿತಿಯ ಮುಚ್ಚಿದ ಬಾಗಿಲಿನ ಕಡೆ ನೋಡಿದ. ತಿದ್ದಿದರೆ ಒಬ್ಬನ ಮನೆ ಬಾಗಿಲು ಮುಚ್ಚುತ್ತದೆ, ತಿದ್ದದಿದ್ದರೆ ಒಬ್ಬಳ ಮಾಡು ಸೋರುತ್ತದೆ. ನ್ಯಾಯದ ತಕ್ಕಡಿ ಹಿಡಿದವರ ಕೈ ಯಾಕೆ ನಡುಗುತ್ತದೆಂದು ಅವನಿಗೆ ಮೊದಲ ಸಲ ಗೊತ್ತಾಯಿತು.

ಹತ್ತು ಗಂಟೆಗೆ ಬಸವರಾಜಪ್ಪ ಬಂದರು. ಕಡೂರು ಕಡೆಯ ಬಯಲುಸೀಮೆಯವರು. ಈ ಮಳೆಗೆ ಬಂದು ಎರಡು ವರ್ಷವಾದರೂ ಕಚೇರಿಯೊಳಗೂ ಮಫ್ಲರ್ ತೆಗೆಯುತ್ತಿರಲಿಲ್ಲ. ಉಮೇಶ ಎಲ್ಲವನ್ನೂ ಒಪ್ಪಿಸಿದ.

"ಮಳೆಗೆ ಸೆಂಟಾ?" ಎಂದರು ಬಸವರಾಜಪ್ಪ. "ನಾನು ಅಂಗಿಗೆ ಹೊಡ್ಕೊಳ್ಳೋ ಸೆಂಟು ಅಂದ್ಕೊಂಡಿದ್ದೆ ಕಣ್ರೀ. ಮಂಗಳೂರಿನೋರು ಶ್ರೀಮಂತಿಕೇನ ಹಂಗೂ ಅಳೀತಾರೇನೋ ಅಂತ ಸುಮ್ಮನಾದೆ."

"ಈಗ ತಿದ್ದಬೇಕು ಸಾರ್."

"ಏನ್ರೀ ತಿದ್ದೋದು? ಸರ್ವೆ ಮೇಡಂ ಬೆಳಿಗ್ಗೆನೇ ಫೋನ್ ಮಾಡಿದ್ರು. ನಮ್ಮ ಫಲಿತಾಂಶ ಭಾಳ ಚೆನ್ನಾಗಿ ಬಂದದೆಯಂತೆ. ಮೂರು ಗಂಟೆಗೆ ಬಂದು ಹೇಳ್ತಾರೆ. ಅದೇ ವೇದಿಕೆ ಮೇಲೆ ನಿಮ್ಮ ಶಿಫಾರಸಿಗೆ ನಾನು ಸಹಿ ಹಾಕ್ತೀನಿ. ಒಂಬತ್ತು ವರ್ಷ ಸುಮ್ನೆ ಇದ್ರಿ, ಇನ್ನ ಐದು ಗಂಟೆ ಸುಮ್ನೆ ಇರೋಕಾಗಲ್ವಾ?"

"ರಂಗಮ್ಮಜ್ಜಿ ಮನೆ ಸೋರ್ತಿದೆ ಸಾರ್."

ಬಸವರಾಜಪ್ಪ ಕೆಟ್ಟವರಲ್ಲ. ಸ್ವಲ್ಪ ಹೊತ್ತು ಮಫ್ಲರಿನ ತುದಿ ತಿರುವಿದರು. "ಒಂದು ಕೆಲ್ಸ ಮಾಡಿ. ದಿಲೀಪ್ ಗೌಡ್ರಿಗೆ ನೂರತೊಂಬತ್ತು ಎಕರೆ ಇರೋದು ಲೋಕಕ್ಕೇ ಗೊತ್ತು. ಪಟ್ಟೀಲಿ ನೂರೆಂಟು ಅಂತ ಬಂದದೆ. ಇದು ತಪ್ಪು ಅಂತ ಅವ್ರೊಬ್ಬರು ಬರ್ದುಕೊಟ್ರೆ ನಾನು ಪಟ್ಟಿ ತಡೆಹಿಡೀತೀನಿ."

"ರಂಗಮ್ಮಜ್ಜಿ ಬರ್ದುಕೊಟ್ರೆ ಆಗಲ್ವಾ ಸಾರ್?"

"ಸಣ್ಣೋರು ಬರ್ದುಕೊಟ್ರೆ ಅದು ದೂರು ಕಣ್ರೀ. ದೊಡ್ಡೋರು ಬರ್ದುಕೊಟ್ರೆ ಮಾಹಿತಿ."

ದಿಲೀಪ್ ಗೌಡರ ಎಸ್ಟೇಟು ಗುಡ್ಡದ ಆಚೆ ಬದಿ. ಉಮೇಶ ಹೋದಾಗ ಅವರು ವರಾಂಡದಲ್ಲಿ ಕೂತು ಮಳೆ ಪುಸ್ತಕಕ್ಕೆ ಹಿಂದಿನ ದಿನದ ಲೆಕ್ಕ ಬರೆಯುತ್ತಿದ್ದರು. ಕಾಫಿ ತರಿಸಿದರು, ಕುರ್ಚಿ ತೋರಿಸಿದರು, ಮಗುವಿನ ಆರೋಗ್ಯ ಕೇಳಿದರು. ಉಮೇಶನಿಗೆ ಮಗುವಿಲ್ಲ. ಆದರೂ ಚೆನ್ನಾಗಿದೆ ಎಂದ.

"ಗೌಡ್ರೆ, ಪಟ್ಟೀಲಿ ನಿಮ್ಮದು ನೂರೆಂಟು ಎಕರೆ ಅಂತ ಬಂದಿದೆ."

"ನೋಡ್ದೆ."

"ಅದು ಮಳೆ ಗೌಡ್ರೆ."

"ಮಳೆನೇ. ನೀನು ಎಷ್ಟು ಸೆಂಟು ಅಂದೆ, ನಾನು ಪುಸ್ತಕ ನೋಡಿ ಹೇಳ್ದೆ. ಮಳೆ ವಿಷಯದಲ್ಲಿ ನಮ್ಮ ಮನೇಲಿ ಯಾರೂ ಸುಳ್ಳು ಹೇಳಿದ್ದಿಲ್ಲ ಕಣೋ. ಅಜ್ಜನ ಕಾಲದಿಂದ ಪುಸ್ತಕ ಇದೆ, ಬೇಕಾದ್ರೆ ನೋಡು."

"ಹಾಗಲ್ಲ. ನಿಮ್ಮ ಜಮೀನು ಎಷ್ಟು ಅಂತ ಒಂದು ಚೀಟಿ ಬರ್ಕೊಟ್ರೆ..."

ಗೌಡರು ಪೆನ್ನು ಕೆಳಗಿಟ್ಟು ಗುಡ್ಡದ ಕಡೆ ನೋಡಿದರು. ಮಂಜು ಸರಿದಲ್ಲೆಲ್ಲ ಅವರದೇ ಕಾಫಿ ಕಾಣುತ್ತಿತ್ತು. ಬೇಲಿ ಎಲ್ಲಿ ಮುಗಿದು ಕಾಡು ಎಲ್ಲಿ ಶುರುವಾಗುತ್ತದೆಂದು ಮಂಜಿಗೂ ಗೊತ್ತಾಗುತ್ತಿರಲಿಲ್ಲ.

"ಜಮೀನು ಎಷ್ಟು ಅಂತ ನಂಗೆ ಸರಿಯಾಗಿ ಗೊತ್ತಿಲ್ಲ ಮಾರಾಯ," ಎಂದರು ನಿಧಾನವಾಗಿ.

ಹನಿಯನ್ನು ನೂರನೇ ಒಂದು ಭಾಗದವರೆಗೆ ಬಲ್ಲ ಮನುಷ್ಯ ಅವರು. ಕಾಲಡಿಯ ನೆಲದ ಅಂದಾಜು ಮಾತ್ರ ಇರಲಿಲ್ಲ. ಉಮೇಶ ಕಾಫಿ ಮುಗಿಸಿ ಎದ್ದ. ಕಾಫಿ ತುಂಬ ಚೆನ್ನಾಗಿತ್ತು. ಅದಕ್ಕೇ ಅವನಿಗೆ ಹೆಚ್ಚು ಬೇಸರವಾಯಿತು.

ವಾಪಸ್ ಬರುವಾಗ ಹೊಳವು ಮುಗಿಯಿತು. ಇಳಿಜಾರಿನ ಪಾಚಿಯಲ್ಲಿ ಬೈಕು ಜಾರಿ, ಉಮೇಶ ಚರಂಡಿಗೆ ಬಿದ್ದ, ಫೋನು ಕೆಸರಿಗೆ ಬಿತ್ತು. ಫೋನನ್ನು ಒರೆಸಿ ನೋಡಿದರೆ ಜೀವವಿತ್ತು, ಆದರೆ ಕಿವಿಗೆ ಹಿಡಿದರೆ ಕೇಳಿಸದು. ಸ್ಪೀಕರಿನಲ್ಲಿ ಮಾತ್ರ, ಮೈಕು ಹಿಡಿದವರಂತೆ ಕೂಗುತ್ತಿತ್ತು. ಮೀನಖಂಡದಲ್ಲಿ ಮೂರು ಉಂಬಳಗಳು ಆಗಲೇ ಕಚ್ಚಿದ್ದವು. ಯಾವ ಸರ್ವೆಯೂ ಇಲ್ಲದೆ, ಯಾವ ರಸೀದಿಯೂ ಇಲ್ಲದೆ, ಅವು ತಮ್ಮ ಪಾಲನ್ನು ಸಮನಾಗಿ ಹಂಚಿಕೊಂಡು ರಕ್ತ ಹೀರುತ್ತಿದ್ದವು. ಉಮೇಶ ಅವುಗಳನ್ನು ಕೀಳಲಿಲ್ಲ. ಇವತ್ತು ಒಂದಾದರೂ ಲೆಕ್ಕ ಸರಿಯಾಗಿ ನಡೆಯಲಿ ಅನ್ನಿಸಿತು.

ಮೂರು ಗಂಟೆಗೆ ಶಾಲೆಯ ಹಾಲ್ ತುಂಬಿತ್ತು. ಒದ್ದೆ ಕೊಡೆಗಳ ವಾಸನೆ, ಹೆಂಚಿನ ಮೇಲೆ ಮಳೆಯ ಸದ್ದು. ವೇದಿಕೆಯ ಮೇಲೆ ಸರ್ವೆಯ ಮುಖ್ಯಸ್ಥೆ ಮಾಲವಿಕಾ, ಪಕ್ಕದಲ್ಲಿ ಬಸವರಾಜಪ್ಪ. ಅವರ ಮುಂದೆ ಒಂದು ಫೈಲು, ಫೈಲಿನ ಮೇಲೆ ಉಮೇಶನ ಶಿಫಾರಸು ಪತ್ರ, ಪತ್ರದ ಮೇಲೆ ಮುಚ್ಚಳ ತೆಗೆದ ಪೆನ್ನು.

"ನಾವು ಒಟ್ಟು ಎಂಬತ್ತು ಪಂಚಾಯಿತಿಗಳನ್ನು ಅಳೆದಿದ್ದೇವೆ," ಎಂದರು ಮಾಲವಿಕಾ, ಮಂಗಳೂರಿನ ಅಚ್ಚುಕಟ್ಟಾದ ಕನ್ನಡದಲ್ಲಿ. "ಕೆಲವು ಕಡೆ ಒಬ್ಬರಿಗೆ ನೂರು ಎಕರೆ, ಇನ್ನೊಬ್ಬರಿಗೆ ಮನೆ ಕಟ್ಟಲಿಕ್ಕೂ ಜಾಗ ಇಲ್ಲ. ಆದರೂ ಇಬ್ಬರೂ ಹೆಚ್ಚು ಕಡಿಮೆ ಒಂದೇ ತೆರಿಗೆ ಕಟ್ಟುತ್ತಾರೆ. ಅಂಥ ಕಡೆ ನೂರಕ್ಕೆ ಮೂವತ್ತು ಅಂಕವೂ ಬರಲಿಲ್ಲ. ಆದರೆ ನಿಮ್ಮ ಮಾವಿನಕೂಡಿಗೆ ನೋಡಿ. ಇಲ್ಲಿ ಎಲ್ಲರಿಗೂ ನೂರರ ಮೇಲೆ ಎಕರೆ, ಎಲ್ಲರದೂ ಸುಮಾರು ಒಂದೇ ಸಮ. ಎಲ್ಲರೂ ಒಂದೇ ಸಮ ತೆರಿಗೆ ಕಟ್ಟುತ್ತೀರಿ. ಯಾರಿಗೂ ನೆರವಿನ ಅಗತ್ಯವೇ ಇಲ್ಲ. ನೂರಕ್ಕೆ ತೊಂಬತ್ತೊಂಬತ್ತು. ಇಷ್ಟು ನ್ಯಾಯ ಇರುವ ಊರನ್ನು ನಾನು ಎಲ್ಲಿಯೂ ಕಂಡಿಲ್ಲ."

ಹಾಲಿನಲ್ಲಿ ಚಪ್ಪಾಳೆ ಬಿತ್ತು. ದಿಲೀಪ್ ಗೌಡರು ಮೊದಲ ಸಾಲಿನಲ್ಲಿ ಗಂಭೀರವಾಗಿ ತಟ್ಟಿದರು. ಬಸವರಾಜಪ್ಪ ನಗುತ್ತಾ ಪೆನ್ನು ಕೈಗೆತ್ತಿಕೊಂಡು ಉಮೇಶನ ಕಡೆ ನೋಡಿ ಕಣ್ಣಲ್ಲೇ ಕೂತ್ಕೋ ಎಂದರು.

ದೇವರು ಮಳೆ ಸುರಿಸುವಾಗ ಯಾರ ಪಹಣಿಯನ್ನೂ ನೋಡುವುದಿಲ್ಲ. ಗೌಡರ ಬಂಗಲೆಗೂ ರಂಗಮ್ಮನ ಗುಡಿಸಲಿಗೂ ಒಂದೇ ಅಳತೆ. ಆ ಊರಿನಲ್ಲಿ ಸಮನಾಗಿ ಹಂಚಿಕೆಯಾಗಿದ್ದು ಅದೊಂದೇ. ಮಂಗಳೂರಿನವರು ಅರಿಯದೆ ಅದನ್ನೇ ಅಳೆದಿದ್ದರು. ಉಮೇಶನ ಕಣ್ಣು ಕೊನೆಯ ಸಾಲಿಗೆ ಹೋಯಿತು. ರಂಗಮ್ಮ ಕೊಪ್ಪೆ ತೆಗೆಯದೆ ಕೂತಿದ್ದಳು. ಎಲ್ಲರೂ ತಟ್ಟುತ್ತಿದ್ದಾರಲ್ಲ ಎಂದು ಅವಳೂ ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದಳು.

ಪೆನ್ನು ಕಾಗದಕ್ಕೆ ತಾಗುವ ಹೊತ್ತಿಗೆ ಉಮೇಶ ಎದ್ದು ನಿಂತ.

"ಮೇಡಂ, ಅದು ಜಮೀನಲ್ಲ. ಮಳೆ."

"ಎಂತ ಹೇಳ್ತಾ ಇದ್ದೀರಿ ನೀವು?"

ಉಮೇಶ ಹೇಳಿದ. ಇಂಚು, ಸೆಂಟು, ಎಕರೆ, ಗುಂಟೆ ಎಲ್ಲವನ್ನೂ ಹೇಳಿದ. ತಪ್ಪು ಜನರದಲ್ಲ, ತನ್ನದು ಎಂದ. ಹಿಂದಿನ ಸಾಲಿನಿಂದ ಯಾರೋ ಹೌದು ಹೌದು ಎಂದರು. ಪುಟ್ಟಸ್ವಾಮಿ ಕೂಡ, "ಗಂಡಸು ಕಣೋ," ಎಂದ. ಬಸವರಾಜಪ್ಪನವರ ಪೆನ್ನು ಗಾಳಿಯಲ್ಲೇ ನಿಂತಿತ್ತು, ಆದರೆ ಕೆಳಗಿಟ್ಟಿರಲಿಲ್ಲ. ಅವರ ಮುಖದಲ್ಲೂ ಒಂದು ಮೆಚ್ಚುಗೆ ಇತ್ತು. ಒಂಬತ್ತು ವರ್ಷದಲ್ಲಿ ಆ ಒಂದು ನಿಮಿಷ ಉಮೇಶ ಊರಿನ ದೊಡ್ಡ ಮನುಷ್ಯನಾಗಿದ್ದ.

ಮಾಲವಿಕಾ ಟ್ಯಾಬ್ ತಿರುವುತ್ತಾ ಹುಬ್ಬು ಗಂಟಿಕ್ಕಿದರು. "ಎಲ್ಲರದೂ ಮಳೆ ಅಂತಾದರೆ ಒಂದು ಅಂಕ ಹೋದದ್ದು ಹೇಗೆ? ಒಂದು ಮನೆ ಮಾತ್ರ ಬೇರೆ ಉಂಟಲ್ಲ ಇಲ್ಲಿ. ನೆರವಿಗೆ ಅರ್ಹ ಅಂತ ಇಡೀ ಊರಿಗೆ ಅದೊಂದೇ ಮನೆ."

ಆಗಲೇ ಉಮೇಶನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನಿಲ್ಲಿಸಲು ಹೋದ ಕೆಸರು ಬೆರಳು ಹಸಿರು ಗುಂಡಿಯ ಮೇಲೆ ಜಾರಿತು. ಅವನ ಹೆಂಡತಿ ದೀಪಶ್ರೀಯ ದನಿ ಹಾಲಿನ ಮೂಲೆ ಮೂಲೆಗೂ ಕೇಳಿಸಿತು:

"ರೀ, ಒಂದು ಪಿಕಪ್ ಬಂದು ನಮ್ಮ ಜಗಲಿ ತುಂಬ ಟಾರ್ಪಾಲು ಇಳಿಸಿ ಹೋಯ್ತು. ಅರವತ್ನಾಲ್ಕು ಇದೆ. ಊರಿಗೆ ಬಂದಿದ್ದಷ್ಟೂ ನಿಮ್ಮೊಬ್ಬರ ಹೆಸರಿಗೇ ಅಂತ ಡ್ರೈವರು ಹೇಳಿ ಹೋದ. ನಿಜ ಹೇಳಿ, ನೀವು ಎಂತ ಮಾಡಿದ್ರಿ?"

ಮಾಲವಿಕಾ ಟ್ಯಾಬ್ ನೋಡಿ ಓದಿದರು. "ಉಮೇಶ್, ಬಿಲ್ ಕಲೆಕ್ಟರ್. ಸೊನ್ನೆ ಸೆಂಟು."

ಉಮೇಶನಿಗೆ ನೆನಪಾಯಿತು. ಎಲ್ಲರ ಮನೆ ಮುಗಿಸಿ ಕೊನೆಗೆ ತನ್ನದನ್ನು ತುಂಬುವಾಗ, ತನ್ನ ಮನೆಯಲ್ಲಿ ರೇನ್‌ಗೇಜು ಇಲ್ಲವಲ್ಲ ಎಂದು ಕೈ ತಡೆದಿದ್ದ. ಬೇರೆಯವರದಾದರೆ ಪಕ್ಕದ ಎಸ್ಟೇಟಿನ ಲೆಕ್ಕ ಬರೆಯಬಹುದು. ತನ್ನದಕ್ಕೇ ಅಂದಾಜು ಬರೆದುಕೊಂಡರೆ ಪಕ್ಷಪಾತವಾದೀತು ಎಂದು ಹೆದರಿ, ಪ್ರಾಮಾಣಿಕವಾಗಿ ಸೊನ್ನೆ ಒತ್ತಿದ್ದ.

ಇದನ್ನೂ ಅವನು ಹೇಳಿದ. ಈ ಸಲ ಯಾರೂ ಹೌದು ಹೌದು ಎನ್ನಲಿಲ್ಲ.

"ಬೆಳಿಗ್ಗೆಯಿಂದ ಊರೆಲ್ಲ ಓಡಾಡಿದ್ದು ಇದಕ್ಕೇನಾ," ಎಂದ ಪುಟ್ಟಸ್ವಾಮಿ. "ನಮ್ಮನ್ನೆಲ್ಲ ಸಾವ್ಕಾರ್ರು ಮಾಡಿ, ತಾನೊಬ್ಬ ಬಡವ ಆಗಿ ಕೂತಿದಾನೆ ನೋಡ್ರೋ."

"ತಿದ್ದಲಿಕ್ಕೆ ಆಗುವುದಿಲ್ಲವಾ ಮೇಡಂ?" ಎಂದ ಉಮೇಶ.

"ನಿನ್ನೆಗೇ ಲಾಕ್ ಆಗಿದೆ. ಮುಂದಿನ ವರ್ಷ ನೋಡುವ," ಎಂದರು ಮಾಲವಿಕಾ, ಮರುಕದಿಂದಲೇ.

ಬಸವರಾಜಪ್ಪ ಪೆನ್ನಿಗೆ ಮುಚ್ಚಳ ಹಾಕಿದರು. "ಈಗ ನಾನು ಸಹಿ ಹಾಕಿದ್ರೆ ಅರವತ್ನಾಲ್ಕರಲ್ಲಿ ನಂದೂ ಅರ್ಧ ಅಂತಾರೆ ಕಣ್ರೀ," ಎಂದು ಮೆಲ್ಲಗೆ ಹೇಳಿ ಪತ್ರವನ್ನು ಫೈಲಿನ ಅಡಿಗೆ ಸೇರಿಸಿದರು. "ವಿಚಾರಣೆ ಮುಗಿಯೋ ತನಕ ರಸೀದಿ ಪುಸ್ತಕ ನನ್ನ ಹತ್ರ ಇರ್ಲಿ."

ಉಮೇಶ ಮಳೆಯಲ್ಲೇ ಮನೆಗೆ ಓಡಿದ. ಟಾರ್ಪಾಲು ತನ್ನ ಹೆಸರಿಗೆ ಬಂದಿದ್ದರೆ ಹಂಚುವ ಹಕ್ಕೂ ತನ್ನದೇ ತಾನೆ, ಯಾರ ಮಾಡು ಸೋರುತ್ತದೋ ಅವರಿಗೆ ಮೊದಲು ಕೊಡುತ್ತೇನೆ ಎಂದುಕೊಂಡಿದ್ದ. ಆದರೆ ಊರು ಅವನಿಗಿಂತ ಮೊದಲೇ ಬಂದಿತ್ತು. ಮಾಡು ಸೋರುವವರೂ ಬಂದಿದ್ದರು, ಸೋರದವರೂ ಬಂದಿದ್ದರು. ಸೋರುವವರು ಕೇಳಿ ತೆಗೆದುಕೊಳ್ಳುತ್ತಿದ್ದರು. ಸೋರದವರು ಕೇಳುತ್ತಲೂ ಇರಲಿಲ್ಲ.

ದಿಲೀಪ್ ಗೌಡರ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಜೀಪಿನಲ್ಲಿ ಬಂದಿದ್ದ. "ನಾಲ್ಕು ಕೊಡು. ಮೆಣಸು ಮುಚ್ಚೋಕೆ ಬೇಕು."

"ರಂಗಮ್ಮಜ್ಜಿಗೆ ಮೊದಲು ಕೊಡ್ಬೇಕು."

"ಪಟ್ಟೀಲಿ ನೋಡು ಮಾರಾಯ. ಅವಳಿಗೆ ನೂರಹನ್ನೆರಡು ಎಕರೆ, ನಮ್ಮ ಗೌಡ್ರಿಗೆ ನೂರೆಂಟೇ. ಬಡವರು ಯಾರಾದ್ರು?" ಎಂದು ರೈಟರು ನಾಲ್ಕನ್ನು ಜೀಪಿಗೆ ಹಾಕಿಕೊಂಡ.

ರಂಗಮ್ಮನನ್ನು ಬಿಟ್ಟರೆ ಬಾರದವನು ನಂದನ್ ಒಬ್ಬನೇ. ಮಾಡಿನ ಮೇಲೆ ನೆರವಿನ ಟಾರ್ಪಾಲು ಕಂಡರೆ ಸೋಮವಾರ ಬಂದವರು ಏನೆಂದುಕೊಂಡಾರು ಎಂದು ಅವನು ಮನೆಯೊಳಗೆ ಬೋಗುಣಿ ಹಿಡಿದು ಕೂತಿದ್ದನಂತೆ.

ಗದ್ದಲದ ನಡುವೆ ಉಮೇಶ ಒಂದನ್ನು ಹೇಗೋ ಎಳೆದುಕೊಂಡು ಒಳಗೆ ಓಡಿ, ರಂಗಮ್ಮನಿಗೆಂದು ಮಂಚದ ಕೆಳಗೆ ತಳ್ಳಿದ. ಕಾಲು ಗಂಟೆಯಲ್ಲಿ ಜಗಲಿ ಖಾಲಿಯಾಯಿತು. ಕೊನೆಗೆ ಬಂದ ಪುಟ್ಟಸ್ವಾಮಿಗೆ ಏನೂ ಉಳಿದಿರಲಿಲ್ಲ. ಅವನು ಜಗಲಿ ನೋಡಿದ, ಹಿತ್ತಲು ನೋಡಿದ, ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ಬಗ್ಗಿಯೂ ನೋಡಿದ.

"ಸಿಕ್ತು," ಎಂದ ಮಂಚದ ಕೆಳಗಿಂದಲೇ. "ಒಂದು ತನಗೆ ಅಂತ ಬಚ್ಚಿಟ್ಟಿದಾನೆ."

"ಅದು ರಂಗಮ್ಮಜ್ಜೀದು ಪುಟ್ಟಸ್ವಾಮಣ್ಣ."

"ನೂರಹನ್ನೆರಡು ಎಕರೆಯೋಳಿಗಾ?" ಎಂದು ಪುಟ್ಟಸ್ವಾಮಿ ಅದನ್ನು ಹೆಗಲ ಮೇಲೆ ಹೊತ್ತು ಪಂಚಾಯಿತಿಗೆ ನಡೆದ. ಬಸವರಾಜಪ್ಪ ಅದಕ್ಕೆ ಸಾಕ್ಷಿ ಎಂದು ಚೀಟಿ ಅಂಟಿಸಿ, ಬೀರುವಿನೊಳಗೆ ಇಟ್ಟು ಬೀಗ ಹಾಕಿದರಂತೆ. ಅರವತ್ನಾಲ್ಕರಲ್ಲಿ ನೆನೆಯದೆ ಉಳಿದದ್ದು ಆ ಒಂದೇ.

ಐದೂವರೆಯಾಗಿತ್ತು. ಮಳೆ ಬೆಳಿಗ್ಗೆ ತಪ್ಪಿಸಿಕೊಂಡದ್ದನ್ನೂ ಸೇರಿಸಿ ಹೊಡೆಯುತ್ತಿತ್ತು. ಉಮೇಶ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ದೀಪಶ್ರೀ ಒಳಗೆ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಅವನಿಗೆ ಕೇಳುವಂತೆಯೇ, ನೀನಾದರೂ ನೋಡಿದೆಯಲ್ಲ ಸ್ವಾಮಿ, ಅಷ್ಟು ಸಾಕು ಎನ್ನುತ್ತಿದ್ದಳು.

ಅಂಗಳದಲ್ಲಿ ಕೊಪ್ಪೆಯೊಂದು ನಿಧಾನವಾಗಿ ಹತ್ತಿಬಂತು. ಉಮೇಶ ಎದ್ದು ನಿಂತ.

"ಅಜ್ಜಿ, ನಿಮಗೆ ಅಂತ ಒಂದು ಇಟ್ಟಿದ್ದೆ. ಅದನ್ನೂ ಹೊತ್ಕೊಂಡು ಹೋದ್ರು."

"ಗೊತ್ತಾಯ್ತು," ಎಂದಳು ರಂಗಮ್ಮ. "ನಾನು ಅದಕ್ಕೆ ಬಂದಿದ್ದಲ್ಲ."

"ಇವತ್ತು ಇಲ್ಲೇ ಮಲ್ಕೊಳ್ಳಿ. ಆ ಸೋರೋ ಮನೇಲಿ ಹೇಗೆ..."

"ದನ ಇದೆ ಮಾರಾಯ, ಕಾಯ್ತಿರುತ್ತೆ." ಅವಳು ಕೊಪ್ಪೆಯೊಳಗೆ ಕೈ ಹಾಕಿ ಸೆರಗಿನ ಗಂಟು ಬಿಚ್ಚತೊಡಗಿದಳು. ಬೆರಳು ಮರಗಟ್ಟಿದ್ದರಿಂದ ತುಸು ಹೊತ್ತು ಹಿಡಿಯಿತು. "ನಿನ್ನ ಕೆಲಸ ಹೋಗುತ್ತೆ ಅಂತ ಮಾತಾಡ್ತಿದ್ರು. ನಾಳೆಯಿಂದ ಯಾರು ಬರ್ತಾರೋ ಏನೋ. ಹೊಸಬರಿಗೆ ನನ್ನ ಮನೆ ದಾರಿ ಗೊತ್ತಿರಲ್ಲ. ನೀನು ಇರೋದ್ರೊಳಗೇ ಕೊಟ್ಟುಬಿಡೋಣ ಅಂತ ಬಂದೆ. ಈ ವರ್ಷದ ಮನೆ ಕಂದಾಯ ಬಾಕಿ ಇತ್ತಲ್ಲ, ನೂರೆಂಬತ್ತು."

"ರಸೀದಿ ಪುಸ್ತಕ ಅವ್ರು ಇಟ್ಕೊಂಡ್ರು ಅಜ್ಜಿ."

"ಇರ್ಲಿ ಬಿಡು."

ಒದ್ದೆಯಾದ ನೋಟುಗಳನ್ನು ಅವಳು ಅವನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾನೇ ಮಡಚಿ, ಕೊಪ್ಪೆ ಮುಂದಕ್ಕೆ ಎಳೆದುಕೊಂಡು ಮೆಟ್ಟಿಲಿಳಿದಳು.